ಮಾಲಿಪಾಟೀಲರ ನಡಿಗೆ

ನಮ್ಮ ಮನೆಯ ಕನ್ನಡಿ ಅಂಗೈಯಗಲದ್ದು. ಅದರಲ್ಲಿ ಮೂಗು ಕಂಡರೆ ಮೀಸೆ ಕಾಣದು, ಮೀಸೆ ಕಂಡರೆ ಗದ್ದ ಕಾಣದು. ಹೀಗಾಗಿ ನಾನು ಹೇಗಿದ್ದೇನೆಂಬುದು ಬಹುಕಾಲ ನನಗೆ ಬಿಡಿಬಿಡಿಯಾಗಿಯೇ ಗೊತ್ತಿತ್ತು. ಕನ್ನಡಿಯಂತೆ ನನ್ನ ಕನ್ನಡವೂ ಆಗ ಚಿಕ್ಕದು, ಮಿತ್ರರೇ. ಯಾದಗಿರಿಯಲ್ಲಿ ಉರ್ದುವಿನಲ್ಲಿ ಓದಿ ಮಾಸ್ತರನಾದವನು ನಾನು. ನಿಜಾಮರ ಆಳ್ವಿಕೆ ಮುಗಿದು, ಶಹಾಪುರದ ಹತ್ತಿರದ ನಮ್ಮ ಹಳ್ಳಿ ಶಾಲೆಗೆ ಇನ್ನು ಕನ್ನಡದಲ್ಲೇ ಪಾಠ ಎಂಬ ಹುಕುಂ ಬಂದಾಗ, ಹುಟ್ಟಿದಂದಿನಿಂದ ಆಡಿದ ಭಾಷೆಯನ್ನು ಹಲಗೆಯ ಮೇಲೆ ಬರೆಯಹೋದರೆ ಒತ್ತಕ್ಷರಗಳು ಕೈಗೆ ಸಿಗದೆ ಓಡಿದವು. ನಾನು ಅಕ್ಷರ ಕಲಿಯುವತನಕ ಅಕ್ಷರ ಬೇಡದ ಪಾಠವೊಂದು ಬೇಕಾಯಿತು.

ಆಗ ನೆನಪಾದದ್ದು ಮೂಕಚಿತ್ರ. ಬಾಲ್ಯದಲ್ಲಿ ಸೋದರಮಾವನ ಜೊತೆ ಹೈದರಾಬಾದಿನ ಡೇರೆಯೊಂದರಲ್ಲಿ ಕೂತು ನೋಡಿದ್ದೆ. ತುಟಿ ಅಲುಗಿದರೂ ಸದ್ದಿಲ್ಲದ ಆ ಜನ ಪರದೆಗೆ ಬಂದೊಡನೆ ಯಾರು ಎಂಥವರೆಂದು ತಿಳಿಯುತ್ತಿತ್ತು. ಏಕೆಂದರೆ ದೇಹದ ಯಾವುದೋ ಒಂದು ಭಾಗ ಮೊದಲು ಬರುತ್ತಿತ್ತು, ಉಳಿದ ಮನುಷ್ಯ ಅದರ ಹಿಂದೆ. ಸಾಹುಕಾರನದು ಹೊಟ್ಟೆ, ಖಳನದು ಹುಬ್ಬು, ಪೊಲೀಸನದು ಮೊಣಕೈ, ಪ್ರೇಮಿಯದು ಎದೆ. ಇದನ್ನೇ ಮಕ್ಕಳಿಗೆ ಕಲಿಸಿದೆ. ಸ್ವಲ್ಪ ದಿನದಲ್ಲೇ ಶಾಲೆಯಂಗಳದ ತುಂಬ ಒಣಕಲು ಸಾಹುಕಾರರು, ಮೀಸೆ ಮೂಡದ ಖಳರು.

"ಊರಾಗ ಮಂದಿ ಹ್ಯಾಂಗ ನಡೀತಾರ, ನೋಡಿ ಬರ್ರಿ" ಎಂದು ನಾನು ಹೇಳಿದ್ದೇ ಎಡವಟ್ಟಾಯಿತು.

ಒಂದು ಸಂಜೆ ಊರವರ ಮುಂದೆ ಮಕ್ಕಳ ಮೂಕಾಟ ಏರ್ಪಟ್ಟಿತು. ಮುಂದಿನ ಕುರ್ಚಿಯಲ್ಲಿ ಮಾಲಿಪಾಟೀಲರು. ಕಂದಾಯ ವಸೂಲಿಯ ಹಕ್ಕುಳ್ಳ ಮನೆತನ. ನನ್ನ ನೌಕರಿ ಕಾಯಂ ಆಗಲು ಅವರ ಒಂದು ಮಾತು ಬೇಕಿತ್ತು. ಕೂಲಿಯವರ ಮಗಳು ಭೀಮವ್ವ ಸಾಹುಕಾರನಾಗಿ ಬಂದಳು. ಗದ್ದ ಮೇಲೆ, ಕೈ ಬೆನ್ನಹಿಂದೆ, ದಾರಿಗೆ ಅಡ್ಡವಿದ್ದವರನ್ನು ಸರಿಸುವಂತೆ ಬಲಗಾಲು ಬೀಸಿ ಹಾಕುತ್ತ, ನಡುನಡುವೆ ನಿಂತು, ಯಾರು ಕೈಮುಗಿಯಲಿಲ್ಲವೆಂದು ನೋಡುತ್ತ. ಯಾರ ನಡಿಗೆಯೆಂದು ಯಾರೂ ಹೇಳಬೇಕಾಗಿರಲಿಲ್ಲ. ಸರಕಾರ ಬದಲಾಗಿತ್ತು, ಆ ಸುದ್ದಿ ಮಾಲಿಪಾಟೀಲರ ನಡಿಗೆಗೆ ಮಾತ್ರ ಇನ್ನೂ ಮುಟ್ಟಿರಲಿಲ್ಲ. ಜನ ನಗುವನ್ನು ಧೋತರದ ಚುಂಗಿನಲ್ಲಿ, ಸೆರಗಿನಲ್ಲಿ ತುರುಕಿಕೊಂಡರು.

ಆಟ ಮುಗಿಯಿತು. ಯಾರೂ ಏಳಲಿಲ್ಲ. ಮಾಲಿಪಾಟೀಲರು ಎದ್ದ ಮೇಲೆ ಉಳಿದವರು ಏಳುವುದು ಊರ ರೂಢಿ. ಅವರೋ ಏಳುವಂತಿರಲಿಲ್ಲ, ಎದ್ದರೆ ನಡೆಯಬೇಕು, ನಡೆದರೆ ಆಟ ಮತ್ತೆ ಮೊದಲಿನಿಂದ ಶುರು. ಹೀಗೆ ಊರಿಗೆ ಊರೇ ಮೂಕಚಿತ್ರವಾಗಿ ಕೂತಿತು. ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟತೊಡಗಿದೆ.

ಆಗ ಹೆಂಗಸರ ನಡುವಿನಿಂದ ಒಬ್ಬರು ಎದ್ದರು. ಮಾಲಿಪಾಟೀಲರ ಹೆಂಡತಿ ಗೌರಮ್ಮ. ನೇರ ಭೀಮವ್ವನ ಬಳಿಗೆ ಹೋದರು.

"ಕಾಲು ಅಷ್ಟು ಲಗೂನ ಒಗೀಬಾರದವ್ವ. ಮೊದಲ ಕೆಮ್ಮಬೇಕು. ಆಮ್ಯಾಲ ಕಾಲು."

"ನಿಮಗ ಹ್ಯಾಂಗ ಗೊತ್ತರೀ?"

"ಮದಿವಿ ಆದಾಗಿಂದ ಹಿಂದ ನಡದೀನಿ. ಮತ್ತೇನ ಕಾಣತಿತ್ತು ನನಗ?"

ಎಂದವರೇ ಕೆಮ್ಮಿ, ಕಾಲು ಬೀಸಿ, ನಾಕು ಹೆಜ್ಜೆ ನಡೆದು ತೋರಿಸಿದರು. ಭೀಮವ್ವನದು ನಕಲು; ಇದು ಅಸಲಿಗಿಂತ ಅಸಲು. ಯಾರಿಗೂ ನಗುವ ಧೈರ್ಯವಾಗಲಿಲ್ಲ. ಮಾಲಿಪಾಟೀಲರು ನನ್ನತ್ತ ತಿರುಗಿದರು.

"ಮಾಸ್ತರ, ನಾ ಖರೇನ ಕೆಮ್ಮತೀನೇನು?"

ನೌಕರಿ ಕಣ್ಣೆದುರು ಹಾದುಹೋಯಿತು. "ಹೌದ್ರಿ" ಎಂದೆ.

ಅವರು ತಲೆ ತಗ್ಗಿಸಿದರು. ಆಮೇಲೆ ಭುಜ ಅಲುಗತೊಡಗಿತು, ಸಿಟ್ಟೆಂದುಕೊಂಡೆ, ನಗುವಾಗಿತ್ತು. ತಡೆದಿದ್ದ ಊರೆಲ್ಲ ಒಮ್ಮೆಲೇ ಒಡೆದು ನಕ್ಕಿತು. ನನ್ನ ನೌಕರಿಯೂ ಆ ನಗುವಿನಲ್ಲೇ ಹೇಗೋ ಕಾಯಂ ಆಯಿತೆಂದು ಈಗಲೂ ನಂಬಿದ್ದೇನೆ.

ಕಡೆಗೆ ಅವರು ಎದ್ದು ಹೆಂಡತಿಗೆ ಹೇಳಿದರು: "ಮುಂದ ನೀನ ನಡಿ. ನಿನ್ನ ಹಿಂದ ಬಿಟ್ಟುಕೊಂಡು ನಡಿಯೂದು ಧೋಕಾ ಐತಿ."

ಗೌರಮ್ಮ ಮುಂದಾದರು. ಮುಂದೆ ಗಂಡನ ಬೆನ್ನಿಲ್ಲದ ದಾರಿ ಆಕೆಗೆ ಹೊಸದು. ಎರಡು ಸಲ ತಡೆದು ನಿಂತರು, ಆಮೇಲೆ ನಿಲ್ಲಲಿಲ್ಲ. ನಾನೂ ಮಕ್ಕಳೂ ಅಂಗಳದಿಂದಲೇ ನೋಡುತ್ತಿದ್ದೆವು. ಮನೆಯ ತಿರುವು ಬಂತು. ಆಕೆ ತಿರುಗದೆ, ದೀಪ ಹಚ್ಚಿದ್ದ ಬಳೆಗಾರರ ಓಣಿಯ ಕಡೆಗೆ ನಡೆದರು. ಮಾಲಿಪಾಟೀಲರು ತಿರುವಿನಲ್ಲಿ ಒಂದು ಗಳಿಗೆ ನಿಂತು ಮನೆಯನ್ನೂ ಹೆಂಡತಿಯನ್ನೂ ನೋಡಿದರು. ಎಲ್ಲಿಗೆಂದು ಕೇಳದೆ ಹಿಂದೆ ನಡೆದರು.