ಹಿಡಿ ಬಿಡು, ಅಲಗು ಹಿಡಿ

ಅವರ ಎರಡೂ ಅಂಗೈ ಕಪ್ಪಗಿರುತ್ತಿದ್ದವು. ಕತ್ತಿಗೆ ಸವರುವ ಎಣ್ಣೆ, ತುಕ್ಕು, ಬೆವರು ಎಲ್ಲ ಸೇರಿ ರೇಖೆಗಳ ನಡುವೆ ಗ್ರೀಸಿನ ಹಾಗೆ ಕೂತಿರುತ್ತಿತ್ತು. ಅದನ್ನು ಪ್ಯಾಂಟಿಗೆ ಒಮ್ಮೆ ಒರೆಸಿ, ಅದೇ ಕೈಯಲ್ಲಿ ಮಂಡಕ್ಕಿ ಗಿರ್ಮಿಟ್ ಕಲಸಿ, "ತಗೋ ತಂಗಿ, ತಿನ್ನು" ಎಂದು ನನ್ನ ಮೂಗಿನಡಿ ತಟ್ಟೆ ಹಿಡಿಯುತ್ತಿದ್ದರು. ಥೂ! ಇದನ್ನು ಬರೆಯುವಾಗಲೂ ಎದ್ದು ಹೋಗಿ ಕೈ ತೊಳೆದು ಬಂದೆ.

ಟೆಕ್ಸಸ್‌ನಲ್ಲಿ ವಿಮಾನ ನಿಲ್ದಾಣದ ಪಕ್ಕದ ನಮ್ಮೂರು ಯೂಲೆಸ್‌ನ ಕನ್ನಡದವರೆಲ್ಲ ಅವರನ್ನು ಕತ್ತಿ ಅಂಕಲ್ ಎನ್ನುತ್ತಿದ್ದರು. ಧಾರವಾಡದವರು. ಎಂಜಿನಿಯರ್ ಕೆಲಸದಿಂದ ನಿವೃತ್ತರಾದ ಮೇಲೆ ಬೇರೆಯವರು ಗಾಲ್ಫ್ ಹಿಡಿದರೆ ಇವರು ಉದ್ದನೆಯ ಕತ್ತಿ ಹಿಡಿದರು. ಐದಾರು ನೂರು ವರ್ಷದ ಹಿಂದೆ ಜರ್ಮನಿಯಲ್ಲಿ ಬರೆದ ಕಾಳಗದ ಕೈಪಿಡಿಗಳ ಚಿತ್ರ ನೋಡಿ ನೋಡಿ ಕಲಿತ ವಿದ್ಯೆ. ಶನಿವಾರ ಬೆಳಿಗ್ಗೆ ಅವರ ಗ್ಯಾರೇಜಿನಲ್ಲಿ ಪಾಠ. ತಲೆಯ ಮೇಲೆ ವಿಮಾನ ಹಾದಾಗಲೆಲ್ಲ ಮಾತು ನಿಲ್ಲಿಸಿ ಕಾಯಬೇಕು. ಜಿಮ್ ಬೇಜಾರು, ಯೋಗಕ್ಕೆ ಹೋದರೆ ನಿದ್ದೆ ಬರುತ್ತದೆ ಎಂದು ನಾನೂ ಹೋಗಿ ಸೇರಿಕೊಂಡೆ.

ನಾನು ಮೈಸೂರಿನವಳು, ಬೇರೆಯವರ ನೀರಿನ ಬಾಟಲಿ ಮುಟ್ಟಿದರೂ ಕೈ ತೊಳೆಯುವವಳು. ಮೂಗು ಬೇರೆ ಹಾಳಾದ್ದು, ಯಾರ ಮನೆಯ ಫ್ರಿಜ್ಜಿನಲ್ಲಿ ಏನು ಕೊಳೆತಿದೆ ಎಂದು ಬಾಗಿಲಲ್ಲೇ ಹೇಳಿಬಿಡುತ್ತದೆ. ಆ ಗ್ಯಾರೇಜಿನಲ್ಲೋ, ಒಳಗೆ ಹತ್ತಿ ತುಂಬಿದ ದಪ್ಪ ಅಂಗಿಗಳು ಸಾಲಾಗಿ ನೇತಾಡುತ್ತಿದ್ದವು. ಒಗೆದು ಯಾವ ಕಾಲವಾಗಿತ್ತೋ ದೇವರೇ ಬಲ್ಲ. ಹಾಕಿಕೊಳ್ಳುವಾಗ ಉಸಿರು ಕಟ್ಟಿ ಹಾಕಿಕೊಳ್ಳುತ್ತಿದ್ದೆ.

ವಿದ್ಯೆಯಾದರೂ ಚೆಂದವೇ? ಅದೂ ಹೊಲಸೇ. ನಾನೇನೋ ರಾಜಗಾಂಭೀರ್ಯದ ಕತ್ತಿವರಸೆ ಇರಬೇಕು ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ತೊಡೆಸಂದಿಗೆ ಒದೆಯುವುದು, ಬೆರಳು ತಿರುಚುವುದು, ಹಿಡಿಯ ತುದಿಯಲ್ಲಿರುವ ಗುಂಡನ್ನು ತಿರುಗಿಸಿ ಬಿಚ್ಚಿ ಎದುರಾಳಿಯ ಮುಖಕ್ಕೆ ಎಸೆಯುವುದು! ಗಂಡ ಹೆಂಡತಿ ವ್ಯಾಜ್ಯಕ್ಕೂ ಒಂದು ಪಾಠವಿತ್ತು. ಗಂಡನನ್ನು ಸೊಂಟದವರೆಗೆ ಗುಂಡಿಯಲ್ಲಿ ಇಳಿಸಿ ಕೈಗೆ ದೊಣ್ಣೆ ಕೊಡಬೇಕು, ಹೆಂಡತಿ ಬಟ್ಟೆಯಲ್ಲಿ ಕಲ್ಲು ಕಟ್ಟಿಕೊಂಡು ಸುತ್ತ ತಿರುಗುತ್ತ ಹೊಡೆಯಬೇಕು. ಚಿತ್ರ ನೋಡಿ ನಾನು ಮುಖ ಕಿವುಚಿದೆ. ಅವರ ಹೆಂಡತಿ, ನಮ್ಮ ಆಂಟಿ, ಚಹಾ ತಂದವರು ಬಗ್ಗಿ ನೋಡಿ, "ಕುಣಿ ಯಾವಾಗ ತೋಡತೀರಿ ಹೇಳ್ರಿ, ಕಲ್ಲು ನಾ ಹುಡಿಕ್ಯಾಡಿ ಇಟ್ಟೀನಿ" ಎಂದರು.

ಅವರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕೊಲೆ ಏಟು. ಕತ್ತಿಯನ್ನು ತಲೆಕೆಳಗು ಮಾಡಿ, ಅಲಗನ್ನು ಎರಡೂ ಕೈಯಲ್ಲಿ ಹಿಡಿದು, ಹಿಡಿಯ ಕಡೆಯಿಂದ ಸುತ್ತಿಗೆಯಲ್ಲಿ ಬಡಿದಂತೆ ಬಡಿಯುವುದು. ಮೊದಲ ದಿನ ನನ್ನ ಕೈಗೆ ಅಭ್ಯಾಸದ ಮೊಂಡು ಕತ್ತಿ ಕೊಟ್ಟು, "ಹಿಡಿ ಬಿಡು!" ಎಂದು ಕೂಗಿದರು. ಹಿಡಿದುಕೋ, ಆಮೇಲೆ ಬಿಟ್ಟುಬಿಡು ಎಂದು ಅರ್ಥಮಾಡಿಕೊಂಡು ನಾನು ಹಿಡಿದೆ, ಬಿಟ್ಟೆ. ಕತ್ತಿ ಧಡಾರನೆ ಅವರ ಬೂಟಿನ ಮೇಲೆ ಬಿತ್ತು.

"ಅಯ್ಯೋ, ನೋವಾಯ್ತಾ ಅಂಕಲ್?"

"ಏನೂ ಆಗಿಲ್ಲ ಬಿಡು. ಹಿಡಿ ಅಂದ್ರ ಇದು," ಎಂದು ಕತ್ತಿಯ ಹಿಡಿ ತಟ್ಟಿ ತೋರಿಸಿದರು. "ಇದನ್ನ ಬಿಡು, ಅಲಗು ಹಿಡಿ. ಬಿಗೀ ಹಿಡದ್ರ ಕೊಯ್ಯೂದಿಲ್ಲ. ಅಂಜಿ ಸಡಲ ಬಿಟ್ಟಿ ಅಂದ್ರ ಜಾರತದ, ಜಾರಿದ್ರ ಕೊಯ್ತದ."

ಅಷ್ಟು ಭಾರದ ಕಬ್ಬಿಣ ಬಿದ್ದರೂ ಹುಬ್ಬು ಗಂಟಿಕ್ಕದ ಮನುಷ್ಯ! ಎಂಥ ಧೈರ್ಯ ಎಂದುಕೊಂಡೆ.

ಕೆಲವು ವರ್ಷ ಕಳೆದ ಮೇಲೆ ಹೂಸ್ಟನ್‌ನಲ್ಲಿ ಕತ್ತಿವರಸೆಯವರ ಒಂದು ಕೂಟವಿತ್ತು. ಅಂಕಲ್ ಅವರನ್ನು ಕೂರಿಸಿಕೊಂಡು ನಾನೇ ಡ್ರೈವ್ ಮಾಡಿದೆ. ಕಿಟಕಿ ಮುಚ್ಚಿ ಏಸಿ ಹಾಕಿದ್ದೇ ತಡ, ವಾಸನೆ ಶುರುವಾಯಿತು. ಮೊದಲು ಹಿಂದಿನ ಸೀಟಿನಲ್ಲಿದ್ದ ಅಂಗಿಗಳನ್ನು ಶಪಿಸಿದೆ. ಊರೂರು ದಾಟಿದಂತೆ ನನ್ನ ಮೂಗು ಬೇರೆಯೇ ಹೇಳತೊಡಗಿತು. ಇದು ಬೆವರಲ್ಲ. ಸಿಹಿಯಾದ, ಕೊಳೆತ, ಮಾಂಸದ ವಾಸನೆ. ಅವರಿಗೆ ಸಕ್ಕರೆ ಕಾಯಿಲೆ ಇತ್ತು.

ಹೂಸ್ಟನ್ ತಲುಪಿ ಊಟಕ್ಕೆಂದು ಹಿಲ್‌ಕ್ರಾಫ್ಟ್ ರಸ್ತೆಯ, ನಮ್ಮವರ ಅಂಗಡಿಗಳೇ ತುಂಬಿದ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ನಲ್ಲಿ ನಿಲ್ಲಿಸಿದಾಗ, ಸೀರೆ ಅಂಗಡಿಯ ಹಿಂದಿನ ಪಾರ್ಕಿಂಗಿನಲ್ಲೇ ಹೇಳಿದೆ: "ಅಂಕಲ್, ಬೂಟ್ ಬಿಚ್ಚಿ."

"ಊಟಕ್ಕ ಬಂದೀವಿ ತಂಗಿ, ಬೂಟ್ ಯಾಕ?"

"ಬಿಚ್ಚಿ ಅಂದ್ರೆ ಬಿಚ್ಚಿ!"

ಅವರು ನನ್ನ ಮುಖ ನೋಡಲಿಲ್ಲ. "ಆಂಟಿಗೆ ಹೇಳಬ್ಯಾಡ. ಕತ್ತಿ ಬಿಡಸ್ತಾಳ" ಎಂದರು.

"ನಿಮ್ಮ ಕತ್ತಿ ಮನೆ ಹಾಳಾಗ!" ಎಂದು ನಾನೇ ಬಗ್ಗಿ ಲೇಸ್ ಎಳೆದೆ. ಕಾಲುಚೀಲ ಚರ್ಮಕ್ಕೆ ಅಂಟಿತ್ತು. ಒಳಗಿದ್ದದ್ದನ್ನು ಬರೆಯಲಾರೆ. ಕಾರಿನ ಚಕ್ರದ ಪಕ್ಕ ವಾಂತಿ ಮಾಡಿಕೊಂಡೆ, ಬಾಯಿ ಒರೆಸಿಕೊಂಡೆ, ಆಂಟಿಗೆ ಫೋನ್ ಮಾಡಿದೆ, ಆಸ್ಪತ್ರೆಗೆ ಓಡಿಸಿದೆ. ಸಕ್ಕರೆಯಿಂದ ಪಾದಕ್ಕೆ ಸ್ಪರ್ಶವೇ ಸತ್ತು ಎಷ್ಟೋ ವರ್ಷವಾಗಿತ್ತಂತೆ. ಅವತ್ತು ಕತ್ತಿ ಬಿದ್ದಾಗ ನಾನು ಕಂಡ ಧೈರ್ಯ ಇದು! ಮೊಣಕಾಲ ಕೆಳಗೆ ಕತ್ತರಿಸಿದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ಗಾಯಕ್ಕೆ ಸುತ್ತಿದ ಬಟ್ಟೆ ಬದಲಿಸಬೇಕು. ನರ್ಸ್ ಬಾರದ ದಿನ ಆಂಟಿಗೆ ಜೊತೆಯಾಗಿ ನಾನು. ಆಂಟಿ ಬಟ್ಟೆ ಸುತ್ತುವಾಗ ಒಬ್ಬರು ಕಾಲು ಎತ್ತಿ ಹಿಡಿಯಬೇಕು. ನಾನು ಗಾಲಿಕುರ್ಚಿಯ ಹಿಂದೆ ನಿಂತು, ಅದರ ಹಿಡಿಯನ್ನೇ ಗಟ್ಟಿಯಾಗಿ ಹಿಡಿದು, ಮುಖ ಆ ಕಡೆ ತಿರುಗಿಸಿದ್ದೆ.

"ಹಿಡಿ ಬಿಡು ತಂಗಿ" ಎಂದರು ಅಂಕಲ್.

ಪುಣ್ಯಾತ್ಮ, ನನ್ನನ್ನು ಬಿಟ್ಟುಬಿಟ್ಟರು ಎಂದು ಕೈ ತೆಗೆದು ಹೊರಡಲು ತಿರುಗಿದೆ.

"ಅಲಗು ಹಿಡಿ."

ಹೋಗಿ ಮುಂದೆ ಕೂತೆ. ಕತ್ತರಿಸಿದ ಕಾಲನ್ನು ಬೆರಳ ತುದಿಯಲ್ಲಿ ಮುಟ್ಟಿದೆ. ಅವರು ಹಲ್ಲು ಕಚ್ಚಿದರು. "ಸಡಲ ಹಿಡಿಬ್ಯಾಡ, ನೋಯ್ತದ. ಬಿಗೀ ಹಿಡಿ." ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ. ಬಿಸಿಯಾಗಿತ್ತು, ಜಿಗುಟಾಗಿತ್ತು.

"ಹೊಲಸ ಅನಸ್ತದೇನು?"

"ಹೂಂ ಅಂಕಲ್. ತುಂಬಾ."

ಅವರು ಜೋರಾಗಿ ನಕ್ಕರು. "ಅನಸಲಿ. ಹಿಡದೀಯಲ್ಲ."

ಆಮೇಲೆ ಕುರ್ಚಿಯಲ್ಲಿ ಕೂತೇ ಪಾಠ ಹೇಳಿದರು. ಕೃತಕ ಕಾಲು ಹಾಕಿ ಒಂದಷ್ಟು ಆಡಿದರು ಕೂಡ. ಅಂಗಿಗಳನ್ನು ಮಾತ್ರ ಕೊನೆಯವರೆಗೂ ಒಗೆಯಲಿಲ್ಲ. ಆಮೇಲೆ ನನ್ನ ಮಾವನವರು ಹಾಸಿಗೆ ಹಿಡಿದಾಗ ಮೂಗು ಮುಚ್ಚಿಕೊಳ್ಳದೆ ಅವರ ಮಗ್ಗುಲು ಬದಲಿಸಿ ಮೈ ಒರೆಸಿದವಳು ನಾನು. ಹೇಸಿಗೆ ಹೋಗಿರಲಿಲ್ಲ, ಇಂದಿಗೂ ಹೋಗಿಲ್ಲ. ಕೈ ಮಾತ್ರ ಸಡಿಲವಾಗುವುದಿಲ್ಲ. ಆ ಋಣ ಅಂಕಲ್ ಅವರದು.

ಕಳೆದ ಚಳಿಗಾಲ ಹೃದಯ ನಿಂತು ಹೋದರು. ಫ್ಯೂನರಲ್ ಹೋಮಿನವರು ಚೆನ್ನಾಗಿ ತೊಳೆದು ಮಲಗಿಸಿದ್ದರು. ನಾನು ಹತ್ತಿರ ಹೋಗಿ ಕೈ ಹಿಡಿದು ತಿರುಗಿಸಿದೆ. ಅಂಗೈ ಬೆಳ್ಳಗೆ, ರೇಖೆಗಳೆಲ್ಲ ಖಾಲಿ, ಯಾವುದೋ ಹೂವಿನ ಲೋಷನ್ನಿನ ವಾಸನೆ.

"ಎಷ್ಟ ಸ್ವಚ್ಛ ಮಾಡ್ಯಾರ ನೋಡವಾ" ಎಂದರು ಆಂಟಿ.

ಥೂ! ಅಂಥ ಹೇಸಿಗೆ ನನಗೆ ಆ ಗ್ಯಾರೇಜಿನಲ್ಲೂ ಆಗಿರಲಿಲ್ಲ. ಆದರೂ ಕೈ ಬಿಡಲಿಲ್ಲ.