ಮಿರ್ಗನಿಯವರ ಪರವಾಗಿ ಒಂದು ಮಾತು

ಭಾನುವಾರ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಮಿರ್ಗನಿ ಪ್ರಯೋಗಾಲಯದ ತಕ್ಕಡಿಯ ಗಾಜು ಒರೆಸುತ್ತಿದ್ದರು. ಸುಡಾನಿನಿಂದ ಕೊಲ್ಲಿ ನಾಡಿನ ಸೊಹಾರ್‌ಗೆ ಬಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಅವರ ಗುತ್ತಿಗೆ ಆ ವಾರವೇ ನವೀಕರಣಕ್ಕೆ ಸಮಿತಿಯ ಮುಂದೆ ಬರುವುದಿತ್ತು. ಗುತ್ತಿಗೆ ಹೋದರೆ ವೀಸಾ ಹೋಯಿತು. ಖಾರ್ತೂಮಿನ ಮನೆ ಯುದ್ಧದಲ್ಲಿ ಸುಟ್ಟುಹೋಗಿತ್ತು.

ಅವರ ಬಗ್ಗೆ ಸಹೋದ್ಯೋಗಿಯ ಅಭಿಪ್ರಾಯ ಬರೆಯಬೇಕಾದವಳು ಪಕ್ಕದ ಮೇಜಿನ ರಯ್ಯಾ.

"ಏನ್ ಬರೀತೀಯ ತಂಗಿ?"

"ನಿಮ್ಮ ಚಹಾಕ್ಕೆ ಸಕ್ಕರೆ ಜಾಸ್ತಿ ಅಂತ."

"ಅದೊಂದು ಬಿಡು. ಸಕ್ಕರೆಗೆ ಅಂದ್ರೆ ಸುಡಾನಿನೋರನ್ನೆಲ್ಲ ಓಡಿಸಿಬಿಡ್ತಾರೆ."

ವಿಭಾಗದಲ್ಲಿ ಎಲ್ಲರೂ ಎಲ್ಲರನ್ನೂ ಆಕಾಶಕ್ಕೇರಿಸಿ ಬರೆಯುವುದು ರೂಢಿ. ಆ ಹೊಗಳಿಕೆಗೆ ಬೆಲೆಯಿಲ್ಲವೆಂದು ರಯ್ಯಾಗೆ ಗೊತ್ತಿತ್ತು. ತನ್ನ ಮಾತನ್ನಾದರೂ ನಂಬಲಿ ಎಂದು ಕಂಡದ್ದನ್ನೇ ಬರೆದಳು: ಫೇಲಾದ ಹುಡುಗಿಯರನ್ನು ಮಧ್ಯಾಹ್ನ ಕೂರಿಸಿ ಮತ್ತೆ ಕಲಿಸುತ್ತಾರೆ, ಆಸಿಡ್ ಚೆಲ್ಲಿದರೆ ಗದರುವ ಮೊದಲು ಕೈ ಹಿಡಿದು ನೋಡುತ್ತಾರೆ. ಕೊನೆಗೆ ಒಂದು ಕೊರತೆಯನ್ನೂ ಸೇರಿಸಿದಳು. ಪ್ರತಿ ತಪ್ಪಿಗೂ ಕಾರಣ ಬರೆಯುತ್ತಾ ಕೂರುವುದರಿಂದ ಪತ್ರಿಕೆಗಳನ್ನು ತಿದ್ದಿ ಕೊಡುವುದು ತಡ.

ಗುರುವಾರ ವಿಭಾಗದ ಮುಖ್ಯಸ್ಥ ಖಲ್ಫಾನ್ ರಯ್ಯಾಳನ್ನು ಕರೆಸಿಕೊಂಡು ಕಾಫಿ, ಖರ್ಜೂರದ ತಟ್ಟೆ ಮುಂದಿಟ್ಟರು.

"ನಿಂಗೂ ಅವರಿಗೂ ಏನಮ್ಮ ಜಗಳ?"

"ಜಗಳಾನಾ? ಅವರಂಥ ಮೇಷ್ಟ್ರು ನಮ್ಮಲ್ಲಿ ಇನ್ನೊಬ್ರಿಲ್ಲ ಡಾಕ್ಟ್ರೇ. ಅದನ್ನೇ ಬರೆದಿದ್ದೀನಿ."

"ಹೊಗಳಿದ್ದನ್ನ ಯಾರು ಓದ್ತಾರೆ? ಇಷ್ಟು ವರ್ಷದಲ್ಲಿ ಕೊರತೆ ಅಂತ ಬರೆದೋಳು ನೀನೊಬ್ಬಳೇ. ಪಕ್ಕದಲ್ಲಿ ಕೂರೋಳೇ ಇಷ್ಟು ಬಾಯಿ ಬಿಟ್ಟಿದ್ದಾಳೆ ಅಂದ್ರೆ ಒಳಗೆ ಇನ್ನೆಷ್ಟಿದೆಯೋ ಅಂದ್ರು ಸಮಿತಿಯೋರು."

"ನಾನೇ ಹೋಗಿ ಹೇಳ್ತೀನಿ."

"ಗುತ್ತಿಗೆ ಮುಂದುವರಿಸಲ್ಲ ಅಂತ ಸಹಿ ಆಗಿಹೋಯ್ತು ತಾಯಿ."

ಖಲ್ಫಾನ್ ಸಾಕು ಎನ್ನುವ ಅಲ್ಲಿನ ರೂಢಿಯಂತೆ ಖಾಲಿ ಬಟ್ಟಲನ್ನು ಬೆರಳಲ್ಲೇ ಅಲುಗಾಡಿಸಿದರು. ಕಾಫಿಯೂ ಸಾಕು, ಮಾತೂ ಸಾಕು.

ಅವಳು ಹಿಂದಿರುಗಿದಾಗ ಮಿರ್ಗನಿ ಉಳಿದ ಪತ್ರಿಕೆಗಳನ್ನು ತಿದ್ದುತ್ತಿದ್ದರು.

"ಕೇಳ್ದೆ," ಎಂದರು. "ತಡ ಮಾಡ್ತೀನಿ ಅನ್ನೋದು ಸುಳ್ಳೇನಲ್ವಲ್ಲ."

"ಇನ್ನು ಎಲ್ಲಿಗೆ ಹೋಗ್ತೀರಿ?"

ಅವರು ಮುಂದಿನ ಪತ್ರಿಕೆ ಎಳೆದುಕೊಂಡರು.

ರಯ್ಯಾ ನಿಂತೇ ಇದ್ದಳು. ಕೊರತೆ ಬರೆಯುವ ಬುದ್ಧಿ ಬಂದದ್ದು ಅವರಿಂದಲೇ ಎಂದು ಈಗ ಹೇಳುವುದಾದರೂ ಹೇಗೆ? ಹೋದ ವರ್ಷ, ತನ್ನ ಅಳತೆಯಲ್ಲಿ ತಪ್ಪೇ ಇಲ್ಲವೆಂದು ಬೀಗಿದ ಹುಡುಗಿಯೊಬ್ಬಳಿಗೆ ಅವರು ಇಡೀ ತರಗತಿಗೆ ಕೇಳುವಂತೆ ಹೇಳಿದ್ದರು: "ಎಷ್ಟು ತಪ್ಪಿರಬಹುದು ಅಂತ ಬರೀದಿದ್ರೆ ನಿನ್ನ ಅಳತೇನ ಯಾರೂ ನಂಬಲ್ಲಮ್ಮ. ಬರಿ, ತಪ್ಪು ನೂರಕ್ಕೆ ಎರಡು ಅಂತ."