ಸಿಗಡಿಗಳ ಬೆಡಗು

ಬಾಲಗಾಂವದಲ್ಲಿ ಗೆಳತಿಯ ಅಜ್ಜಿ ನನ್ನನ್ನು ಮೊದಲು ಕೇಳಿದ್ದು, "ನಿಮ್ಮ ಬೆಡಗು ಯಾವುದ್ರಿ?" ಅಂತ. ಬೆಡಗು ಅಂದರೆ ಅವರಲ್ಲಿ ಕುಲದ ಗುರುತು. ಒಂದೇ ಬೆಡಗಿನವರು ಅಣ್ಣ ತಂಗಿ ಇದ್ದಂತೆ, ಲಗ್ನ ಕೂಡದು. ನಮ್ಮಲ್ಲಿ ಅದೆಲ್ಲ ಇಲ್ಲ ಅಂದರೆ ಅಜ್ಜಿ ನಂಬಲಿಲ್ಲ. ಆಮೇಲೆ ನನ್ನ ಕೆಲಸ ಏನು ಅಂತ ಕೇಳಿದರು.

"ಸಮುದ್ರದ ನೀರು ಹುಳಿಯ ಕಡೆ ವಾಲುತ್ತಿದೆ. ಎಳ್ಳಿಗಿಂತ ಸಣ್ಣ ಸಿಗಡಿಯಂಥ ಜೀವಿಗಳನ್ನು ಬಾಟಲಿಯಲ್ಲಿ ಸಾಕಿ, ತಲೆಮಾರು ಕಳೆದಂತೆ ಆ ಹುಳಿಗೆ ಒಗ್ಗುತ್ತವಾ ಅಂತ ನೋಡ್ತೀನಿ."

"ಒಗ್ಗ್ಯಾವೇನ್ರಿ?"

"ಇಲ್ಲ. ತಲೆಮಾರಿನಿಂದ ತಲೆಮಾರಿಗೆ ಮೊಟ್ಟೆ ಕಡಿಮೆ. ಹುಳಿಯದೇ ಕೆಲಸ ಅಂತ ವರದಿ ಬರೆದಾಗಿದೆ, ನಾಳೆ ಕಳಿಸಬೇಕು."

ಅಜ್ಜಿ ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಿದರು. "ಅವಕ್ಕ ಸೊಸಿ ಎಲ್ಲಿಂದ ತರ್ತೀರಿ?"

"ಎಲ್ಲಿಂದಲೂ ಇಲ್ಲ. ಮೊದಲು ತಂದ ಒಂದು ಬಕೆಟ್ಟಿನ ಸಂತಾನವೇ ಎಲ್ಲ."

"ಯವ್ವಾ, ಅಣ್ಣ ತಂಗಿಗಿ ಲಗ್ನಾ ಮಾಡಿ, ಮಕ್ಕಳು ಕಡಿಮಿ ಆದ್ರ ತಪ್ಪು ಹುಳಿ ಮ್ಯಾಲ ಹಾಕ್ತೀರೇನು?"

ನಾನು ಜೋರಾಗಿ ನಕ್ಕೆ. ಮಜ್ಜಿಗೆ ಕುಡಿಯುವಾಗ ನಗು ನಿಂತಿತು. ಹೋಲಿಕೆಗೆಂದು ಇಟ್ಟಿದ್ದ ಹುಳಿ ಹೆಚ್ಚಿಸದ ಸಮುದ್ರದ ನೀರಿನ ಬಾಟಲಿಯಲ್ಲೂ ಮೊಟ್ಟೆ ಕಡಿಮೆಯಾಗಿತ್ತು. ಅದನ್ನು ನಾನು ವರದಿಯ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಮುಗಿಸಿದ್ದೆ.

ವರದಿ ಕಳಿಸಲಿಲ್ಲ. ಈಗ ಬೇರೆ ಬೇರೆ ಕಡಲತೀರದಿಂದ ಸಿಗಡಿ ತಂದು ಕೂಡಿಸಿ, ಮೊದಲಿನಿಂದ ಶುರು ಮಾಡಿದ್ದೇನೆ. ಪ್ರತಿ ಬಾಟಲಿಯ ಚೀಟಿಯಲ್ಲೂ ಹುಳಿಯ ಪ್ರಮಾಣ ಎರಡನೇ ಸಾಲಿನಲ್ಲಿದೆ. ಮೊದಲ ಸಾಲು ಬೆಡಗಿನದು.